ಅಂಚಿನ ಟಿಪ್ಪಣಿ ಕಣ್ಣಿಗೆ ಕಾಣಲಿ

ವಿಜಯನಗರದ ಜೆರಾಕ್ಸ್, ಡಿಟಿಪಿ ಅಂಗಡಿಗಳಲ್ಲಿ ಕಾಲೇಜುಗಳ ಪ್ರಾಜೆಕ್ಟ್ ಕಾಲ ಬಂತೆಂದರೆ ಬಿಡುವಿಲ್ಲ. ವಿದ್ಯಾರ್ಥಿ ವರದಿಯನ್ನು ಇ-ಮೇಲ್‌ನಲ್ಲಿ ಕಳಿಸುತ್ತಾನೆ, ಗುರುಗಳು ಅಂಚಿನಲ್ಲಿ ಟಿಪ್ಪಣಿ ಬರೆದು ಹಿಂದಿರುಗಿಸುತ್ತಾರೆ. ಆ ಟಿಪ್ಪಣಿ ಓದಲು ಬಾರದಿದ್ದರೆ ಗುರುಗಳ ಶ್ರಮವೂ ವ್ಯರ್ಥ, ವಿದ್ಯಾರ್ಥಿಯ ಅಂಕಗಳಿಗೂ ಕುತ್ತು.

ಕನ್ನಡದ ಮಟ್ಟಿಗೆ ಮೊದಲ ತೊಡಕು ಅಕ್ಷರಶೈಲಿಯದು. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದಾಗ ಗಣಕದೊಳಗೆ ಉಳಿಯುವುದು ಇಂಗ್ಲಿಷ್ ಸಂಕೇತಗಳೇ. ಫಾಂಟು ಅವುಗಳಿಗೆ ಕನ್ನಡದ ವೇಷ ತೊಡಿಸುತ್ತದೆ. ಟಿಪ್ಪಣಿಯ ಚೌಕಕ್ಕೆ ಆ ಫಾಂಟು ಇಲ್ಲದಿದ್ದರೆ ವೇಷ ಕಳಚಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಕಡತ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. ಯೂನಿಕೋಡ್‌ನಲ್ಲಿ ಬರೆಯುವುದೇ ಇದಕ್ಕೆ ಶಾಶ್ವತ ಪರಿಹಾರ.

ಇನ್ನು ಅಕ್ಷರದ ಗಾತ್ರ. ಉಚಿತವಾಗಿ ದೊರೆಯುವ ಲಿಬ್ರೆ ಆಫೀಸ್‌ನ ‘ರೈಟರ್’ನಲ್ಲಿ ಇದು ಸುಲಭ. ಟಿಪ್ಪಣಿಯ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ‘ಫಾರ್ಮ್ಯಾಟ್ ಆಲ್ ಕಾಮೆಂಟ್ಸ್’ ಆರಿಸಿದರೆ ಕಡತದಲ್ಲಿರುವ ಎಲ್ಲ ಟಿಪ್ಪಣಿಗಳ ರೂಪ ಒಟ್ಟಿಗೆ ಬದಲಾಗುತ್ತದೆ. 2024ರಲ್ಲಿ ಬಂದ 24.2 ಆವೃತ್ತಿಯಿಂದ ‘ಕಾಮೆಂಟ್’ ಎಂಬ ಪ್ಯಾರಾಗ್ರಾಫ್ ಸ್ಟೈಲ್ ಕೂಡ ಇದೆ. ಎಫ್11 ಕೀಲಿ ಒತ್ತಿ, ಪಟ್ಟಿಯಲ್ಲಿ ಅದನ್ನು ಹುಡುಕಿ ತಿದ್ದಿದರೆ ಮುಂದೆ ಸೇರಿಸುವ ಟಿಪ್ಪಣಿಗಳು ಅದೇ ರೂಪದಲ್ಲಿ ಬರುತ್ತವೆ. ಇಲ್ಲೊಂದು ಎಚ್ಚರಿಕೆ: ಕನ್ನಡವು ಗಣಕದ ಲೆಕ್ಕದಲ್ಲಿ ‘ಕಾಂಪ್ಲೆಕ್ಸ್’ ಲಿಪಿ. ‘ವೆಸ್ಟರ್ನ್’ ವಿಭಾಗದಲ್ಲಿ ಗಾತ್ರ ಹೆಚ್ಚಿಸಿದರೆ ಇಂಗ್ಲಿಷ್ ಮಾತ್ರ ದೊಡ್ಡದಾಗುತ್ತದೆ. ಕನ್ನಡ ಇದ್ದಷ್ಟೇ ಇರುತ್ತದೆ. ಎರಡೂ ಕಡೆ ಬದಲಿಸಬೇಕು.

ಮೈಕ್ರೋಸಾಫ್ಟ್ ವರ್ಡ್‌ನ ಹಳೆಯ ಆವೃತ್ತಿಗಳಲ್ಲಿ ‘ಕಾಮೆಂಟ್ ಟೆಕ್ಸ್ಟ್’ ಎಂಬ ಸ್ಟೈಲ್ ತಿದ್ದಿ ಇದೇ ಕೆಲಸ ಮಾಡಬಹುದು. ಹೊಸ ಮಾದರಿಯ ಟಿಪ್ಪಣಿಗಳಲ್ಲಿ ಅಷ್ಟು ಸ್ವಾತಂತ್ರ್ಯವಿಲ್ಲ.

ಟಿಪ್ಪಣಿಯ ಬಣ್ಣ ಬರೆದವರ ಹೆಸರನ್ನು ಅವಲಂಬಿಸುತ್ತದೆ. ಮನೆಯ ಒಂದೇ ಗಣಕದಲ್ಲಿ ಅಪ್ಪ, ಮಗಳು ಇಬ್ಬರೂ ಒಂದೇ ಹೆಸರಿನಲ್ಲಿ ಬರೆದರೆ ಬಣ್ಣವೂ ಒಂದೇ. ಯಾರ ಮಾತು ಯಾವುದೆಂದು ತಿಳಿಯದು. ರೈಟರ್‌ನಲ್ಲಿ ‘ಟೂಲ್ಸ್’, ‘ಆಪ್ಷನ್ಸ್’ ಮೂಲಕ ‘ಯೂಸರ್ ಡೇಟಾ’ಕ್ಕೆ ಹೋಗಿ, ಬರೆಯುವ ಮುನ್ನ ಹೆಸರು ಬದಲಿಸಿಕೊಳ್ಳಬಹುದು.

ಮುದ್ರಣದ ವೇಳೆ ಇನ್ನೊಂದು ಎಡವಟ್ಟು ಕಾದಿರುತ್ತದೆ. ವರ್ಡ್‌ನಲ್ಲಿ ‘ಪ್ರಿಂಟ್ ಮಾರ್ಕಪ್’ ಎದುರಿನ ಗುರುತು ತೆಗೆಯದಿದ್ದರೆ ಟಿಪ್ಪಣಿಗಳೂ ಅಚ್ಚಾಗುತ್ತವೆ. ಅವುಗಳಿಗೆ ಜಾಗ ಬಿಡಲು ಪುಟದ ಬರಹ ಕುಗ್ಗುತ್ತದೆ. ಬೈಂಡಿಂಗ್ ಆದ ಮೇಲೆ ಗಮನಿಸಿದರೆ ಹಣವೂ ಹೋಯಿತು, ಹೊತ್ತೂ ಹೋಯಿತು. ಅಂಗಡಿಯಲ್ಲಿ ಮೊದಲು ಒಂದು ಪುಟ ಮಾತ್ರ ತೆಗೆಸಿ ನೋಡುವುದು ಜಾಣತನ.

ಟಿಪ್ಪಣಿಗಳನ್ನು ಮರೆಮಾಡುವುದು, ಅಳಿಸುವುದು ಕ್ಷಣದ ಕೆಲಸ. ಆದರೆ ಅದಕ್ಕೆ ಮೊದಲು ಒಂದೊಂದನ್ನೂ ಓದಿ, ತಪ್ಪು ತಿದ್ದಿ, ‘ರಿಸಾಲ್ವ್’ ಎಂದು ಗುರುತು ಹಾಕುತ್ತ ಬಂದರೆ ಉಳಿದಿರುವ ಕೆಲಸವೆಷ್ಟೆಂದು ವಿದ್ಯಾರ್ಥಿಗೂ ತಿಳಿಯುತ್ತದೆ, ಕೇಳುವ ಪೋಷಕರಿಗೂ ತಿಳಿಯುತ್ತದೆ.