ಹಾಲು ಬೇಕು, ಮಾತು ಬೇಡವೆ?

ಕೊರಗರ ಉದ್ಧಾರವಾಗಬೇಕೆಂಬ ಮಾತನ್ನು ಒಪ್ಪದ ಸುಶಿಕ್ಷಿತರು ನಮ್ಮ ಜಿಲ್ಲೆಯಲ್ಲಿ ಇಂದು ಯಾರೂ ಇರಲಾರರು. ವೇದಿಕೆಗಳಲ್ಲಿ ಈ ಮಾತಿಗೆ ಕರತಾಡನ ದೊರೆಯುತ್ತದೆ; ಪತ್ರಿಕೆಗಳಲ್ಲಿ ಸ್ಥಳ ದೊರೆಯುತ್ತದೆ. ಆದರೆ ಆ ಉದ್ಧಾರದ ವಿಚಾರ ನಡೆಯುವ ಸಭೆಯಲ್ಲಿ ಮೊದಲ ಮಾತನ್ನು ಕೊರಗ ಸ್ತ್ರೀಯೊಬ್ಬಳು ಆಡಲಿ ಎಂದು ಯಾರಾದರೂ ಸೂಚಿಸಿದರೆ, ಅದೇ ಸಭೆ ಒಮ್ಮೆಗೇ ಮೌನ ಧರಿಸುತ್ತದೆ. “ಪಾಪ, ಅವರಿಗೆ ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲ, ಅವರ ಪರವಾಗಿ ನಾವೇ ಹೇಳಿಬಿಡೋಣ” ಎಂದು ದಯಾಳುಗಳೊಬ್ಬರು ಎದ್ದು ನಿಲ್ಲುತ್ತಾರೆ. ಈ ದಯೆಯನ್ನೇ ನಾನು ಇಲ್ಲಿ ಆಕ್ಷೇಪಿಸಹೊರಟಿದ್ದೇನೆ.

ತುಳುನಾಡಿನ ಹಳೆಯ ಆಚಾರವೊಂದನ್ನು ವಾಚಕರು ಜ್ಞಾಪಿಸಿಕೊಳ್ಳಬೇಕು. ಮೇಲುಜಾತಿಯವರೆನಿಸಿಕೊಂಡವರ ಮನೆಯಲ್ಲಿ ಹುಟ್ಟಿದ ಮಕ್ಕಳು ಒಂದರ ಮೇಲೊಂದು ತೀರಿಕೊಂಡರೆ, ಮುಂದಿನ ಶಿಶುವನ್ನು ಕೊರಗ ತಾಯಿಯ ಕೈಗೆ ಕೊಟ್ಟು, ಅವಳ ಎದೆಹಾಲನ್ನು ಕುಡಿಸಿ, ಅವಳ ಬಾಯಿಂದಲೇ ಅದಕ್ಕೆ ಹೆಸರಿಡಿಸಿದರೆ ಶಿಶು ದೀರ್ಘಾಯುವಾಗುವುದೆಂಬ ನಂಬಿಕೆಯಿತ್ತು. ಎಡ್ಗರ್ ಥರ್ಸ್ಟನ್ ಎಂಬವರು ೧೯೦೯ರಲ್ಲಿ ಮದ್ರಾಸಿನಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿಗಳ ಸಂಪುಟಗಳಲ್ಲಿಯೂ ಇದರ ಉಲ್ಲೇಖವಿದೆ. ಶಿಶುವಿನ ಪ್ರಾಣವನ್ನು ಕಾಯುವ ಶಕ್ತಿಯುಳ್ಳವಳೆಂದು ಯಾರನ್ನು ನಂಬಿದರೋ, ಅವಳನ್ನು ಆ ಮನೆಯ ಅಂಗಳದ ಒಳಗೆ ಸೇರಿಸುತ್ತಿರಲಿಲ್ಲ. ಹಾಲು ಶುದ್ಧ, ಹಾಲಿತ್ತವಳು ಅಶುದ್ಧಳು! ಇದಕ್ಕೂ ಹೀನವಾದುದು ಅಜಲು. ಗರ್ಭಿಣಿಯ ಅನಿಷ್ಟ ಕಳೆಯಲೆಂದು ಉಗುರು, ಕೂದಲುಗಳನ್ನು ಅನ್ನದಲ್ಲಿ ಬೆರಸಿ ಕೊರಗರಿಗೆ ಉಣಿಸುವುದು, ಕಂಬಳಕ್ಕೆ ಮುಂಚೆ ಅವರನ್ನು ಕೋಣಗಳಂತೆ ಓಡಿಸುವುದು — ಇವೆಲ್ಲವನ್ನು ಕರ್ನಾಟಕದ ಶಾಸನಸಭೆ ೨೦೦೦ನೆಯ ಇಸವಿಯ ಕಾಯಿದೆಯಿಂದ ನಿಷೇಧಿಸಬೇಕಾಯಿತು. ಸ್ವಾತಂತ್ರ್ಯ ಬಂದು ಐವತ್ತು ವರ್ಷಗಳು ಕಳೆದ ಮೇಲೆ ಇಂತಹ ಕಾಯಿದೆಯೊಂದು ಬೇಕಾಯಿತೆಂಬುದು ಕೊರಗರ ಹಿಂದುಳಿದಿರುವಿಕೆಯನ್ನು ತೋರಿಸುವುದಿಲ್ಲ, ನಮ್ಮದನ್ನು ತೋರಿಸುತ್ತದೆ.

ತಾಯಿಯ ಹಾಲಿನ ಮಾತು ಭೂಮಂಡಲದ ಉತ್ತರದ ತುದಿಯಲ್ಲಿಯೂ ಬೇರೊಂದು ಬಗೆಯಲ್ಲಿ ಎದ್ದಿತು. ಅಲ್ಲಿಯ ಹಿಮಪ್ರದೇಶದ ಮೂಲನಿವಾಸಿಗಳನ್ನು ನಮ್ಮ ಶಾಲಾಪುಸ್ತಕಗಳು ಬಹುಕಾಲ ಎಸ್ಕಿಮೋ ಎಂದು ಕರೆದವು. ಅದು ಅನ್ಯರಿಟ್ಟ ಹೆಸರು. ಅವರು ತಮ್ಮನ್ನು ಕರೆದುಕೊಳ್ಳುವುದು ಇನುಯಿಟ್ ಎಂದು. ಅದರ ಅರ್ಥ ಮನುಷ್ಯರು. ದೂರದ ದೇಶಗಳ ಕಾರ್ಖಾನೆ ಹಾಗೂ ಹೊಲಗಳ ವಿಷದ್ರವ್ಯಗಳು ಗಾಳಿಯಲ್ಲಿಯೂ ಸಮುದ್ರಪ್ರವಾಹದಲ್ಲಿಯೂ ಸಾಗಿ, ಸೀಲ್ ಮತ್ತು ತಿಮಿಂಗಿಲಗಳ ಕೊಬ್ಬಿನಲ್ಲಿ ಸಂಗ್ರಹವಾಗಿ, ಅವನ್ನು ಉಂಡು ಬದುಕುವ ಇನುಯಿಟ್ ತಾಯಂದಿರ ಎದೆಹಾಲನ್ನು ಸೇರಿದವು. ವಿಷವನ್ನು ಮಾಡಿದವರು ಒಬ್ಬರು, ಮಗುವಿಗೆ ಉಣಿಸಬೇಕಾದವರು ಇನ್ನೊಬ್ಬರು. ಆಗ ಅವರ ಪರವಾಗಿ ಮಾತಾಡಲು ದಕ್ಷಿಣದ ದಯಾಳುಗಳು ಹೋಗಲಿಲ್ಲ. ಶೀಲಾ ವಾಟ್-ಕ್ಲೂಟಿಯರ್ ಎಂಬ ಇನುಯಿಟ್ ಸ್ತ್ರೀ ರಾಷ್ಟ್ರಗಳ ಸಂಧಾನಸಭೆಗೆ ತಾವೇ ಹೋಗಿ, ತಾಯಿ-ಮಗುವಿನ ಕಲ್ಲಿನ ಕೆತ್ತನೆಯೊಂದನ್ನು ಅಧಿಕಾರಿಗಳ ಮುಂದೆ ಇಟ್ಟು, ತಮ್ಮ ಜನರ ವಾದವನ್ನು ಮಂಡಿಸಿದರು. ೨೦೦೧ರ ಸ್ಟಾಕ್‌ಹೋಮ್ ಒಪ್ಪಂದದ ಪೀಠಿಕೆಯಲ್ಲಿಯೇ ಉತ್ತರಧ್ರುವ ಪ್ರದೇಶದ ಮೂಲನಿವಾಸಿಗಳ ಪ್ರಸ್ತಾಪವು ಸೇರಿತು. ಅಲ್ಲಿಯ ಸ್ತ್ರೀಯರು ೧೯೮೪ರಷ್ಟು ಹಿಂದೆಯೇ ಪೌಕ್ಟೂಟಿಟ್ ಎಂಬ ತಮ್ಮದೇ ಸಂಘವನ್ನು ಕಟ್ಟಿಕೊಂಡಿದ್ದರು.

ಅಲ್ಲಿ ಎಲ್ಲವೂ ಸುಗಮವಾಗಿ ನಡೆಯಿತೆಂದು ನಾನು ಹೇಳುವುದಿಲ್ಲ. ನೂನಾವುಟ್ ಎಂಬ ಹೊಸ ಪ್ರಾಂತವು ರೂಪುಗೊಳ್ಳುತ್ತಿದ್ದಾಗ, ಪ್ರತಿ ಕ್ಷೇತ್ರದಿಂದಲೂ ಒಬ್ಬ ಪುರುಷ, ಒಬ್ಬ ಸ್ತ್ರೀ ಆರಿಸಿ ಬರಲಿ ಎಂಬ ಸೂಚನೆಯನ್ನು ೧೯೯೭ರಲ್ಲಿ ಜನಮತಕ್ಕೆ ಹಾಕಿದರು. ನೂರಕ್ಕೆ ಸುಮಾರು ೫೭ ಮತಗಳು ಅದರ ವಿರುದ್ಧ ಬಿದ್ದು ಸೂಚನೆ ಬಿದ್ದುಹೋಯಿತು. ಆದರೂ ಸ್ತ್ರೀಯರು ಮನೆಗೆ ಹಿಂದಿರುಗಿ ಕೂರಲಿಲ್ಲ. ೨೦೦೮ರಲ್ಲಿ ಈವಾ ಆರಿಯಾಕ್ ಆ ಪ್ರಾಂತದ ಪ್ರಧಾನಿಯಾದರು. ೨೦೨೧ರಲ್ಲಿ ಮೇರಿ ಸೈಮನ್ ಎಂಬ ಇನುಯಿಟ್ ಸ್ತ್ರೀ ಕೆನಡಾ ದೇಶದ ಗವರ್ನರ್ ಜನರಲ್ ಪದವಿಯನ್ನೇ ಏರಿದರು. ಪೀಠವನ್ನು ಅವರಿಗೆ ಯಾರೂ ದಾನವಾಗಿ ಕೊಟ್ಟದ್ದಲ್ಲ.

ಇನ್ನು ನಮ್ಮೂರಿಗೆ ಬರೋಣ. ೨೦೧೧ರ ಜನಗಣತಿಯಂತೆ ಕರ್ನಾಟಕದಲ್ಲಿ ಕೊರಗರು ೧೪,೭೯೪ ಮಂದಿ, ಕೇರಳದಲ್ಲಿ ೧,೫೮೨ ಮಂದಿ. ಸರಕಾರವು ಕರ್ನಾಟಕದಲ್ಲಿ ವಿಶೇಷ ದುರ್ಬಲ ಬುಡಕಟ್ಟುಗಳೆಂದು ಗುರುತಿಸಿದ ಎರಡರಲ್ಲಿ ಒಂದು ಜೇನುಕುರುಬ, ಮತ್ತೊಂದು ಕೊರಗ. ದುರ್ಬಲರೆಂದು ಕಡತವು ಹೇಳುತ್ತದೆ. ಆದರೆ ಈ ದುರ್ಬಲರೇ ೧೯೯೩ರಲ್ಲಿ ಭೂಮಿಯನ್ನು ಕೇಳುತ್ತ ಮಂಗಳೂರಿನ ಜಿಲ್ಲಾಧಿಕಾರಿಗಳ ಕಚೇರಿಗೆ ಮೆರವಣಿಗೆ ಹೋಗಿ ಲಾಠಿಯ ಪೆಟ್ಟು ತಿಂದರು. ಆ ದಿನದ ನೆನಪಿಗೆ ಪ್ರತಿ ವರ್ಷ ಆಗಸ್ಟ್ ೧೮ರಂದು ‘ಭೂಮಿ ಹಬ್ಬ’ವನ್ನು ಆಚರಿಸುತ್ತಾರೆ. ಪೆಟ್ಟು ತಿಂದ ದಿನವನ್ನು ಹಬ್ಬವನ್ನಾಗಿ ಮಾಡಿಕೊಂಡ ಜನರಿಗೆ ಮಾತು ಬಾರದೆ? ಕುಟುಂಬವೊಂದಕ್ಕೆ ಎರಡೂವರೆ ಎಕರೆ ಭೂಮಿ ಎಂಬ ಡಾಕ್ಟರ್ ಮಹಮ್ಮದ್ ಪೀರ್ ವರದಿಯ ಶಿಫಾರಸನ್ನು ಮರೆಯಗೊಡದೆ ಎತ್ತಿ ಹಿಡಿದದ್ದು ಕರ್ನಾಟಕ-ಕೇರಳಗಳ ಕೊರಗ ಸಂಘಗಳ ಒಕ್ಕೂಟ. ಆ ಒಕ್ಕೂಟದ ಅಧ್ಯಕ್ಷಪೀಠದಲ್ಲಿ ಸುಶೀಲಾ ನಾಡ ಅವರಂತಹ ಸ್ತ್ರೀಯರು ಕುಳಿತಿದ್ದಾರೆ. ಗುಂಡ್ಮಿಯ ಸಬಿತಾ ಅವರು ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರವನ್ನು ಬೋಧಿಸಿದ್ದಾರೆ. “ಯೋಗ್ಯರು ದೊರೆಯಲಿ, ಕರೆಯೋಣ” ಎನ್ನುವವರಿಗೆ ಉತ್ತರವು ಸಿದ್ಧವಾಗಿಯೇ ಇದೆ. ಕರೆಯುವವರು ಮಾತ್ರ ಕಾಣುವುದಿಲ್ಲ.

“ಕೊರಗರ ಪ್ರತಿನಿಧಿ ಬರಲಿ, ಸ್ತ್ರೀಯೇ ಏಕೆ?” ಎಂದು ಕೇಳುವವರುಂಟು. ಕೊರಗರ ಬಳಿಯು ತಾಯಿಯ ಕಡೆಯಿಂದ ಬರುತ್ತದೆ. ಕಾಡಿನ ಬೀಳನ್ನು ತಂದು ಬುಟ್ಟಿ ಹೆಣೆಯುವುದರಲ್ಲಿಯೂ, ಹೆಣೆದುದನ್ನು ತಲೆಯ ಮೇಲಿಟ್ಟು ಮನೆ ಮನೆಗೆ ಕೊಂಡೊಯ್ಯುವುದರಲ್ಲಿಯೂ ಸ್ತ್ರೀಯ ದುಡಿಮೆ ದೊಡ್ಡದು. ಕಾಡಿನ ಕಟ್ಟಳೆ ಬಿಗಿಯಾದಾಗ ಬೀಳು ಸಿಗದೆ ಬರಿಗೈಯಲ್ಲಿ ಬಂದವಳು ಅವಳು. ಪ್ಲಾಸ್ಟಿಕ್ ಬುಟ್ಟಿ ಪೇಟೆಗೆ ಬಂದಾಗ ಗಿರಾಕಿಯನ್ನು ಕಳೆದುಕೊಂಡವಳೂ ಅವಳೇ. ಮಗುವಿನ ಹಸಿವನ್ನು, ಗಂಡನ ಕುಡಿತವನ್ನು, ಸೋರುವ ಮಾಡನ್ನು ಅವಳಿಗಿಂತ ಚೆನ್ನಾಗಿ ಬಲ್ಲ ತಜ್ಞರು ಯಾವ ಇಲಾಖೆಯಲ್ಲಿದ್ದಾರೆ? ರೋಗದ ಲಕ್ಷಣವನ್ನು ರೋಗಿಯಿಂದ ಕೇಳದೆ ಔಷಧ ಕೊಡುವ ವೈದ್ಯನನ್ನು ನಾವು ಅಳಲೆಕಾಯಿ ಪಂಡಿತನೆಂದು ನಗುತ್ತೇವೆ. ಇಲ್ಲಿ ಮಾತ್ರ ಆ ವೈದ್ಯರೇ ನಾವಾಗಿದ್ದೇವೆ.

ಹಿಂದಿನವರು ಮಾಡಿದ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಕುದ್ಮುಲ್ ರಂಗರಾಯರು ೧೮೯೭ರಲ್ಲಿ ಮಂಗಳೂರಿನಲ್ಲಿ ದಲಿತೋದ್ಧಾರದ ಮಿಷನ್ ಸ್ಥಾಪಿಸಿ, ಸ್ವಜನರ ಬಹಿಷ್ಕಾರವನ್ನು ಸಹಿಸಿ ಶಾಲೆಗಳನ್ನು ನಡೆಸಿದರು. ಆದರೆ ಶಾಲೆಯನ್ನು ತೆರೆಯುವುದು ಏತಕ್ಕೆ? ಓದಿದವರು ಒಂದು ದಿನ ತಮ್ಮ ಮಾತನ್ನು ತಾವೇ ಆಡಲಿ ಎಂದಲ್ಲವೆ? ರಾಯರ ಪ್ರತಿಮೆಗೆ ಹಾರ ಹಾಕಿ, ನೂರು ವರ್ಷಗಳ ಅನಂತರವೂ “ಅವರ ಪರವಾಗಿ ನಾವೇ” ಎನ್ನುವವರು ರಾಯರ ಕೆಲಸವನ್ನು ಮುಂದುವರಿಸುತ್ತಿಲ್ಲ, ತಡೆಯುತ್ತಿದ್ದಾರೆ.

ಈ ವಿಚಾರವು ಈಗ ಕೇವಲ ಮರ್ಯಾದೆಯ ವಿಚಾರವಲ್ಲ, ಹಣದ ವಿಚಾರವೂ ಹೌದು. ಇಂತಹ ಬುಡಕಟ್ಟುಗಳಿಗಾಗಿ ೨೦೨೩ರಲ್ಲಿ ಕೇಂದ್ರ ಸರಕಾರವು ಪಿಎಂ-ಜನಮನ್ ಎಂಬ ಯೋಜನೆಯನ್ನು ೨೪,೧೦೪ ಕೋಟಿ ರೂಪಾಯಿಗಳ ಅಂದಾಜಿನಲ್ಲಿ ಘೋಷಿಸಿತು. ಮನೆ, ನೀರು, ರಸ್ತೆ, ವಿದ್ಯುತ್ತು ಎಲ್ಲವೂ ಅದರಲ್ಲಿವೆ. ಆದರೆ ಮನೆಯ ಬಾಗಿಲು ಯಾವ ದಿಕ್ಕಿಗಿರಲಿ, ಬಾವಿ ಎಲ್ಲಿರಲಿ, ಕೊಪ್ಪಕ್ಕೆ ಮೊದಲು ಬೇಕಾದುದು ರಸ್ತೆಯೋ ಭೂಮಿಯ ಪತ್ರವೋ ಎಂಬುದನ್ನು ನಿರ್ಧರಿಸುವವರು ಯಾರು? ಒಲೆಯ ಮುಂದೆ ಕೂರುವವಳನ್ನು ಕೇಳದೆ ಕಟ್ಟಿದ ಮನೆ ಗುತ್ತಿಗೆದಾರನ ಲೆಕ್ಕದಲ್ಲಿ ಮಾತ್ರ ಮನೆ.

ನಮ್ಮ ಪಡುಬಿದ್ರಿಯ ಕಡಲತೀರಕ್ಕೆ ೨೦೨೦ರಲ್ಲಿ ನೀಲಿ ಧ್ವಜದ ಮನ್ನಣೆ ಬಂದಾಗ ನಾವೆಲ್ಲರೂ ಹಿಗ್ಗಿದೆವು. ಮರಳು ಶುಚಿಯಾಗಿದೆಯೆ, ನೀರು ಶುಚಿಯಾಗಿದೆಯೆ ಎಂದು ಪರೀಕ್ಷಿಸಲು ಪರದೇಶದ ನಿಯಮಗಳಿವೆ. ಮನೆಯಂಗಳ ಶುಚಿಯಾಗಿದೆಯೆ ಎಂದು ಪರೀಕ್ಷಿಸುವವರು ನಾವೇ ಆಗಬೇಕು. ಬುಟ್ಟಿ ಹೊತ್ತು ಬಂದವಳನ್ನು ಜಾತಿಯ ಹೆಸರಿನಿಂದ ಕೂಗುವುದನ್ನು ಬಿಟ್ಟು, ಅವಳ ಹೆಸರನ್ನು ಕೇಳಿ ತಿಳಿದುಕೊಳ್ಳಿರಿ. ಹಳೆಯ ಸೀರೆಯನ್ನು ಕೊಟ್ಟು ಪುಣ್ಯದ ಲೆಕ್ಕ ಬರೆಯುವುದಕ್ಕೆ ಮೊದಲು, ಗ್ರಾಮಸಭೆಯಲ್ಲಿ ಅವಳು ಎದ್ದು ನಿಂತಾಗ ಗದ್ದಲ ಮಾಡದೆ ಕಿವಿಗೊಡಿರಿ. ಎರಡೂವರೆ ಎಕರೆಯ ಅರ್ಜಿ ನಿಮ್ಮ ಬಾಗಿಲಿಗೆ ಬಂದರೆ ಅವಳ ಸಹಿಯ ಕೆಳಗೆ ನಿಮ್ಮ ಸಹಿಯನ್ನು ಹಾಕಿರಿ, ಮೇಲೆ ಹಾಕಬೇಡಿರಿ. ನಮ್ಮ ಸಾಹಿತ್ಯ ಸಂಘವೂ ಇದಕ್ಕೆ ಹೊರತಲ್ಲ: ಕೊರಗರ ಕುರಿತು ಮುಂದೆ ನಡೆಯುವ ಸಭೆಯಲ್ಲಿ ಅಧ್ಯಕ್ಷಭಾಷಣವನ್ನು ಕೊರಗ ಸ್ತ್ರೀಯೊಬ್ಬಳು ಮಾಡಲಿ, ನಾವು ವಂದನಾರ್ಪಣೆ ಮಾಡೋಣ.

ನಮ್ಮ ಪೂರ್ವಿಕರ ಮಕ್ಕಳಿಗೆ ಹಾಲೂಡಿ ಹೆಸರಿಟ್ಟವರ ಮೊಮ್ಮಕ್ಕಳು ಇವರು. ಆ ಋಣವು ಅಕ್ಕಿಯಿಂದಲೂ ಅರಿವೆಯಿಂದಲೂ ತೀರತಕ್ಕದ್ದಲ್ಲ. ಹಾಲನ್ನು ಒಪ್ಪಿಕೊಂಡ ಮನೆ, ಮಾತನ್ನೂ ಒಪ್ಪಿಕೊಳ್ಳಲೇಬೇಕು.