ಲಿವರ್ ರಿಪೋರ್ಟ್ ನಾರ್ಮಲ್ ಇದ್ದರೆ ಕುಡಿಯಬಹುದೇ?



"ಡಾಕ್ಟ್ರೇ, ಲಿವರ್ ರಿಪೋರ್ಟ್ ನಾರ್ಮಲ್ ಇದೆ. ದಿನಾ ಎರಡು ಪೆಗ್ ತೊಂದರೆಯಿಲ್ಲ ಅಲ್ವಾ?" ಮಾಟುಂಗದಲ್ಲಿ ನಮ್ಮ ಕನ್ನಡದವರು ನನ್ನನ್ನು ಆಗಾಗ ಕೇಳುವ ಪ್ರಶ್ನೆ ಇದು. ಮನೆಯವರು ಕೇಳುವುದು ಬೇರೆ: "ಅವರಿಗೆ ಗೊತ್ತಾಗದ ಹಾಗೆ ರಕ್ತದಲ್ಲಿ ಕುಡಿತ ಕಂಡುಹಿಡಿಯಬಹುದಾ?" ಇಬ್ಬರಿಗೂ ನಾನು ಹೇಳುವುದು ಒಂದೇ. ರಕ್ತಪರೀಕ್ಷೆಯಿಂದ ಸುಳಿವು ಸಿಗುತ್ತದೆ, ಅದನ್ನೇ ತೀರ್ಪು ಎಂದುಕೊಳ್ಳಬೇಡಿ.

ಲಿವರ್ ಟೆಸ್ಟ್‌ನಲ್ಲಿರುವ ಜಿಜಿಟಿ ಹೆಚ್ಚು ಕುಡಿದರೆ ಏರುತ್ತದೆ, ಬಿಟ್ಟರೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಆದರೆ ಫ್ಯಾಟಿ ಲಿವರ್, ಬೊಜ್ಜು, ಫಿಟ್ಸ್‌ಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಏರುತ್ತದೆ. ದಿನಾ ಕುಡಿಯುವವರಲ್ಲೂ ನಾರ್ಮಲ್ ಇರಬಹುದು. ಸಿಬಿಸಿಯಲ್ಲಿ ಬರುವ ಎಂಸಿವಿ ಎಂದರೆ ಕೆಂಪು ರಕ್ತಕಣದ ಗಾತ್ರ. ಕುಡಿತದಿಂದ ಅದು ದೊಡ್ಡದಾಗುತ್ತದೆ, ಬಿ12 ಕೊರತೆಯಿಂದಲೂ ಆಗುತ್ತದೆ. ಆ ಕಣದ ಆಯುಸ್ಸು ಸುಮಾರು 120 ದಿನ, ಹಾಗಾಗಿ ಕುಡಿತ ಬಿಟ್ಟ ತಕ್ಷಣ ಎಂಸಿವಿ ಇಳಿಯುವುದಿಲ್ಲ. ಪೆಥ್ ಎಂಬ ಟೆಸ್ಟ್ ಹೆಚ್ಚು ನಿಖರ. ಅದರಲ್ಲಿ ಎರಡರಿಂದ ನಾಲ್ಕು ವಾರದ ಕುಡಿತ ಕಾಣುತ್ತದೆ. ಆದರೆ ಕುಡಿಯದೆ ಇರಲಾಗದ ಚಟ ಇದೆಯೇ ಎಂದು ಅದೂ ಹೇಳಲಾರದು.

ಚಟ ತಿಳಿಯುವುದು ಕೇಳಿದಾಗ. ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಪ್ರಶ್ನಾವಳಿಯಲ್ಲಿ 10 ಪ್ರಶ್ನೆಗಳಿವೆ. ಎಷ್ಟು ಸಲ, ಎಷ್ಟು ಕುಡಿಯುತ್ತೀರಿ? ಶುರು ಮಾಡಿದರೆ ನಿಲ್ಲಿಸಲು ಆಗುತ್ತದೆಯೇ? ಬೆಳಿಗ್ಗೆ ಎದ್ದ ಕೂಡಲೇ ಬೇಕಾಗುತ್ತದೆಯೇ? ಕಡಿಮೆ ಮಾಡಿ ಎಂದು ಯಾರಾದರೂ ಹೇಳಿದ್ದಾರೆಯೇ? ಐದು ನಿಮಿಷದ ಕೆಲಸ, ಖರ್ಚಿಲ್ಲ. 8 ಅಥವಾ ಹೆಚ್ಚು ಅಂಕ ಬಂದರೆ ಡಾಕ್ಟರನ್ನು ಕಾಣಿ.

ಮನೆಯವರೇ, ಕದ್ದು ಟೆಸ್ಟ್ ಮಾಡಿಸಬೇಡಿ. ನಂಬಿಕೆ ಹೋದರೆ ಅವರು ಡಾಕ್ಟರ ಹತ್ತಿರವೂ ಬಾಯಿ ಬಿಡುವುದಿಲ್ಲ.

ಮುಚ್ಚಿಟ್ಟರೆ ಏನಾಗುತ್ತದೆ ಗೊತ್ತೇ? ಅತಿಯಾದ ಕುಡಿತ ಬಿಪಿ ಏರಿಸುತ್ತದೆ, ಹೃದಯದ ಬಡಿತ ತಪ್ಪಿಸುತ್ತದೆ, ಅದರ ಸ್ನಾಯುವನ್ನೇ ದುರ್ಬಲಗೊಳಿಸುತ್ತದೆ. ದಿನಾ ಕುಡಿಯುವವರು ಅದನ್ನು ಹೇಳದೆ ಬೈಪಾಸ್‌ಗೆ ಅಡ್ಮಿಟ್ ಆದರೆ, ಎರಡು ಮೂರು ದಿನಗಳಲ್ಲಿ ನಡುಕ, ಫಿಟ್ಸ್, ಭ್ರಮೆ ಶುರುವಾಗಬಹುದು. ಜೀವಕ್ಕೇ ಅಪಾಯ. ಮೊದಲೇ ಹೇಳಿದ್ದರೆ ಅದಕ್ಕೆ ಔಷಧ ಇದೆ.

"ಮೈಸೂರು ಅಸೋಸಿಯೇಷನ್ನಿನಲ್ಲಿ ಸಿಗುವವರಿಗೆ ಗೊತ್ತಾದರೆ?" ಎಂಬ ಅಂಜಿಕೆ ಬೇಡ. ನೀವು ಹೇಳಿದ್ದನ್ನು ಗುಟ್ಟಾಗಿಡುವುದು ಡಾಕ್ಟರ ಕರ್ತವ್ಯ.

ದಿನಾ ಹೆಚ್ಚು ಕುಡಿಯುವವರು ಒಮ್ಮೆಲೇ ತಾವಾಗಿ ನಿಲ್ಲಿಸಬಾರದು, ವೈದ್ಯರ ಸಲಹೆ ಪಡೆದೇ ಬಿಡಬೇಕು. ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446, ಕರೆ ಉಚಿತ. ಊರ ಕಡೆ ಹೋಗುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ.

ಮುಂದಿನ ಸಲ ಡಾಕ್ಟರ ಬಳಿ ರಿಪೋರ್ಟ್ ತೋರಿಸುವಾಗ, ಎಷ್ಟು ಕುಡಿಯುತ್ತೀರಿ ಎಂಬುದನ್ನೂ ಹೇಳಿ.

– ಹೃದ್ರೋಗ ತಜ್ಞ, ಎಂ.ಡಿ., ಮಾಟುಂಗ