ಹತ್ತು ಡೆಸಿಬೆಲ್‌ನ ವಿನಾಯಿತಿ

ಮುಂಬಯಿಯ ಪ್ರಾರ್ಥನಾ ಸ್ಥಳಗಳಿಂದ 1,608 ಧ್ವನಿವರ್ಧಕಗಳನ್ನು ಇಳಿಸಲಾಗಿದೆ ಎಂದು ಮುಖ್ಯಮಂತ್ರಿ ದೇವೇಂದ್ರ ಫಡ್ನವೀಸ್ ಜುಲೈ 2025ರಲ್ಲಿ ವಿಧಾನಸಭೆಗೆ ತಿಳಿಸಿದ ಮೇಲೆ ನಡೆದ ವಾದವಿವಾದವು ಯಾವ ಧರ್ಮದವರವು ಎಷ್ಟು ಎಂಬ ಲೆಕ್ಕದಲ್ಲೇ ಸಿಕ್ಕಿಕೊಂಡಿತು. ನಗರದ ಕಿವಿಗೆ ಆ ಲೆಕ್ಕದಿಂದ ಹೆಚ್ಚಿನ ಪ್ರಯೋಜನವಿಲ್ಲ. ಗಮನಿಸಬೇಕಾದ ಸಂಖ್ಯೆ ಇರುವುದು 2000ದ ಶಬ್ದಮಾಲಿನ್ಯ ನಿಯಮಾವಳಿಯ 7ನೇ ನಿಯಮದಲ್ಲಿ, ಅದು 10.

ಶಬ್ದವು ಗಾಳಿಯ ಒತ್ತಡದ ಏರಿಳಿತವಾಗಿ ಹಬ್ಬುವ ತರಂಗ. ಒಂದು ಚದರ ಮೀಟರ್ ಪ್ರದೇಶದ ಮೂಲಕ ಸೆಕೆಂಡಿಗೆ ಅದು ಸಾಗಿಸುವ ಶಕ್ತಿಯೇ ಅದರ ತೀವ್ರತೆ. ಈ ತೀವ್ರತೆಯು ಹತ್ತು ಪಟ್ಟಾದಾಗಲೆಲ್ಲ ಡೆಸಿಬೆಲ್ ಅಂಕಿ ಹತ್ತರಷ್ಟು ಮಾತ್ರ ಏರುತ್ತದೆ, ಇಮ್ಮಡಿಯಾದರೆ ಸುಮಾರು ಮೂರರಷ್ಟು ಏರುತ್ತದೆ. ಆದ್ದರಿಂದ ಸಮಾನ ಶಕ್ತಿಯ ಎರಡು ಧ್ವನಿವರ್ಧಕಗಳಲ್ಲಿ ಒಂದನ್ನು ಇಳಿಸಿದರೆ ತಗ್ಗುವುದು ಮೂರು ಡೆಸಿಬೆಲ್ ಮಾತ್ರ. ಇಳಿಸಿದವುಗಳ ಎಣಿಕೆಯಿಂದ ಉಳಿದ ಸದ್ದೆಷ್ಟೆಂದು ತಿಳಿಯದು.

ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿಯಲ್ಲಿ 45 ಡೆಸಿಬೆಲ್ ಮಿತಿಯೆಂಬುದು ಎಲ್ಲರ ಬಾಯಲ್ಲಿದೆ. ಆದರೆ ರಾತ್ರಿಯ ನಿರ್ಬಂಧಗಳ ಉಲ್ಲಂಘನೆಯನ್ನು ಬಿಟ್ಟರೆ, ಶಬ್ದವು ನಿಗದಿತ ಮಿತಿಯನ್ನು 10 ಡೆಸಿಬೆಲ್ ಅಥವಾ ಅದಕ್ಕೂ ಹೆಚ್ಚು ಮೀರಿದಾಗಲೇ ನಾಗರಿಕನು ದೂರು ಕೊಡಬಹುದೆನ್ನುತ್ತದೆ 7ನೇ ನಿಯಮ. ಅಂದರೆ ಶಾಸನವೇ ಒಪ್ಪಿದ ತೀವ್ರತೆ ಹತ್ತು ಪಟ್ಟಾಗುವವರೆಗೆ ಅವನು ಸುಮ್ಮನಿರಬೇಕು. ವಸತಿ ಪ್ರದೇಶದವರು ಕಾಯಬೇಕಾದ 65 ವಾಣಿಜ್ಯ ವಲಯದ ಹಗಲಿನ ಮಿತಿಯೇ ಆಗಿದೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ನಿಶ್ಶಬ್ದ ವಲಯದ ಗತಿ ಇನ್ನೂ ವಿಚಿತ್ರ: ಅಲ್ಲಿನ ಹಗಲಿನ ಮಿತಿ 50 ಆಗಿರುವುದರಿಂದ ರೋಗಿಯ ದೂರಿಗೆ ಸದ್ದು 60ಕ್ಕೆ, ಎಂದರೆ ಸಾಮಾನ್ಯ ವಸತಿ ಪ್ರದೇಶಕ್ಕೂ ಸಲ್ಲದ ಮಟ್ಟಕ್ಕೆ, ಏರಬೇಕು.

ಹತ್ತು ಡೆಸಿಬೆಲ್ ಏರಿದರೆ ಕಿವಿಗೆ ಸುಮಾರು ಇಮ್ಮಡಿಯೆನಿಸುತ್ತದೆಯೇ ಹೊರತು ಹತ್ತು ಪಟ್ಟಲ್ಲ ಎಂಬ ಆಕ್ಷೇಪ ನಿಜವೇ. ಆದರೆ ಇಮ್ಮಡಿ ಸದ್ದನ್ನಾದರೂ ಏಕೆ ಸಹಿಸಬೇಕು? ಮಾಪಕದ ದೋಷಕ್ಕಾಗಿ ಈ ರಿಯಾಯಿತಿ ಎನ್ನುವುದಾದರೆ, ಒಳ್ಳೆಯ ಮಾಪಕ ತಪ್ಪುವುದು ಒಂದೆರಡು ಡೆಸಿಬೆಲ್ ಮಾತ್ರ. ಮೇಲಾಗಿ ನಿಯಮಾವಳಿ ಬಳಸುವ ಅಳತೆಕ್ರಮವೇ ಕಿವಿಯ ಸ್ವಭಾವವನ್ನು ಅನುಸರಿಸಿ ಕಡಿಮೆ ಆವರ್ತನದ, ಎಂದರೆ ಸೆಕೆಂಡಿಗೆ ಕಡಿಮೆ ಕಂಪನಗಳ, ಸದ್ದಿನಲ್ಲಿ ಕಡಿತ ಮಾಡುತ್ತದೆ. 63 ಹರ್ಟ್ಜ್‌ನಲ್ಲಿ ಆ ಕಡಿತ ಸುಮಾರು 26 ಡೆಸಿಬೆಲ್. ಗಣೇಶೋತ್ಸವದ ಡಿಜೆ ಎದೆಗೆ ಬಡಿಯುವುದು ಈ ಆವರ್ತನದ ಆಸುಪಾಸಿನಲ್ಲೇ. ಅದರ ತರಂಗದೂರ, ಎಂದರೆ ಒಂದು ಅಲೆಯ ಉದ್ದ, ಐದು ಮೀಟರಿಗೂ ಹೆಚ್ಚಿರುವುದರಿಂದ ಚಾಳುಗಳ ಮೂಲೆಗಳನ್ನು ಬಳಸಿಕೊಂಡು ಅದು ಒಳನುಗ್ಗುತ್ತದೆ.

ಸರಕಾರಿ ಕಲ್ಪನೆಗೆ ಈ ಗಣಿತ ಹೊಸದೇನೂ ಆಗಿರಬಾರದು. 2020ರಲ್ಲಿ ಸಂಚಾರ ಪೊಲೀಸರು ಹಾರ್ನ್ ಸದ್ದು 85 ದಾಟಿದರೆ ಕೆಂಪು ದೀಪದ ಎಣಿಕೆ ಮೊದಲಿನಿಂದ ಆರಂಭವಾಗುವ ಸಿಗ್ನಲ್ ಪ್ರಯೋಗಿಸಿ ಜಗತ್ತಿನ ಚಪ್ಪಾಳೆ ಗಿಟ್ಟಿಸಿದರು. ವಾಣಿಜ್ಯ ವಲಯದ 65ಕ್ಕೆ ಹೋಲಿಸಿದರೂ ಅದು ನೂರು ಪಟ್ಟು ತೀವ್ರತೆ.

ಕುರ್ಲಾದ ನೆಹರೂ ನಗರ ಮತ್ತು ಚುನಾಭಟ್ಟಿ ನಿವಾಸಿಗಳ ಅರ್ಜಿಯ ಮೇಲೆ ಬಾಂಬೆ ಹೈಕೋರ್ಟ್ ಜನವರಿ 2025ರಲ್ಲಿ ಕೊಟ್ಟ ತೀರ್ಪು, ಧ್ವನಿವರ್ಧಕ ಯಾವ ಧರ್ಮದ ಅವಿಭಾಜ್ಯ ಅಂಗವೂ ಅಲ್ಲವೆಂದು ಹೇಳಿ, ದೂರುದಾರರ ಗುರುತನ್ನು ಗುಟ್ಟಾಗಿಡುವಂತೆಯೂ ಸೂಚಿಸಿತು. ಆದರೆ ದೂರಿನ ಹೊಸ್ತಿಲು ಇದ್ದಲ್ಲೇ ಇದೆ. ನಿಯಮಾವಳಿ ಕೇಂದ್ರದ್ದಾಗಿರುವುದರಿಂದ, 7ನೇ ನಿಯಮದ ಆ ಹತ್ತನ್ನು ಅಳಿಸುವಂತೆ ಮಹಾರಾಷ್ಟ್ರ ಸರಕಾರ ಈಗಲಾದರೂ ದಿಲ್ಲಿಗೆ ಬರೆಯಬೇಕು.